ಬೀರುವಿನ ಹಿಂದಿನ ಗೋಡೆ ನೋಡಿದಿರಾ?

ಮನೆ ಕೊಳ್ಳುವವರ, ಬಾಡಿಗೆಗೆ ಕೊಡುವವರ, ಬಾಡಿಗೆಗೆ ಇರುವವರ ಪ್ರಶ್ನೆಗಳಿಗೆ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ನಾಲ್ಕನ್ನು ಆರಿಸಿಕೊಂಡಿದ್ದೇನೆ. ಕಟ್ಟಡ ಕೆಲಸದ ಉಸ್ತುವಾರಿಯಲ್ಲಿ 28 ವರ್ಷ ಕಳೆದವಳು ನಾನು. ಅದರಲ್ಲಿ 16 ವರ್ಷ ಬಾಡಿಗೆ ಮನೆಗಳಲ್ಲೇ ಇದ್ದೆ. ಈಗ ಇರಲು ಒಂದು ಸ್ವಂತ ಮನೆಯಿದೆ, ಇನ್ನೊಂದನ್ನು ಬಾಡಿಗೆಗೆ ಕೊಟ್ಟಿದ್ದೇನೆ. ಆದ್ದರಿಂದ ಯಾರ ಪತ್ರ ಓದಿದರೂ ಅವರ ಸಂಕಟ ನನ್ನದೇ ಅನ್ನಿಸುತ್ತದೆ.

ಪ್ರಶ್ನೆ: ಮೇಡಂ, ಹತ್ತು ವರ್ಷ ಹಳೆಯ ಮನೆಯೊಂದನ್ನು ಕೊಳ್ಳಬೇಕೆಂದು ನಾನೂ ನನ್ನ ಪತ್ನಿಯೂ ಎರಡು ಸಲ ಸಂಜೆ ಹೋಗಿ ನೋಡಿ ಬಂದೆವು. ಹೊಸದಾಗಿ ಬಣ್ಣ ಬಳಿದಿದ್ದಾರೆ, ಚೆನ್ನಾಗಿ ಕಾಣುತ್ತದೆ. ಮಾರುವವರು ಬೇಗ ತೀರ್ಮಾನ ಹೇಳಿ ಎನ್ನುತ್ತಿದ್ದಾರೆ. ಕಾಗದಪತ್ರ ನೋಡಲು ವಕೀಲರಿದ್ದಾರೆ. ಮನೆಯಲ್ಲಿ ನಾವು ನೋಡಬೇಕಾದದ್ದು ಏನು?

ಉತ್ತರ: ಮೂರನೆಯ ಸಲ ಹೋಗಿ. ಈ ಸಲ ಬೆಳಗಿನ ಹೊತ್ತು ಹೋಗಿ. ಜೋರು ಮಳೆ ಬಿದ್ದ ಮರುದಿನವಾದರೆ ಇನ್ನೂ ಒಳ್ಳೆಯದು. ಕೈಯಲ್ಲಿ ಒಂದು ಟಾರ್ಚ್, ಒಂದು ಪೆನ್ಸಿಲ್ ಇರಲಿ.

ನನ್ನ ಅನುಭವ ಹೇಳಿಬಿಡುತ್ತೇನೆ. ನಾನು ಮೊದಲ ಮನೆ ಕೊಂಡದ್ದು ಬೇಸಿಗೆಯಲ್ಲಿ. ಬೇರೆಯವರ ಕಟ್ಟಡಗಳಲ್ಲಿ ತೇವ ಹುಡುಕುವುದೇ ನನ್ನ ಕೆಲಸವಾಗಿತ್ತು. ಆದರೂ ಸ್ವಂತದ್ದೆಂದು ಮನಸ್ಸು ಹಿಗ್ಗಿದಾಗ ಕಣ್ಣು ಕೆಲಸ ಮಾಡಲಿಲ್ಲ. ಮಲಗುವ ಕೋಣೆಯ ಒಂದು ಗೋಡೆಗೆ ಒತ್ತಿ ದೊಡ್ಡ ಮರದ ಬೀರು ನಿಂತಿತ್ತು. ಮಾರಿದವರು ಅದನ್ನು ಮನೆಯ ಜೊತೆಗೇ ಬಿಟ್ಟುಕೊಡುತ್ತೇವೆ ಎಂದಾಗ ಸಂತೋಷಪಟ್ಟೆ. ಮಳೆಗಾಲ ಶುರುವಾಗಿ ಎರಡು ವಾರಕ್ಕೆ ಬೀರುವಿನಲ್ಲಿದ್ದ ಬಟ್ಟೆಗಳಿಗೆ ಮುಗ್ಗಲು ವಾಸನೆ ಹಿಡಿಯಿತು. ಇಬ್ಬರು ಸೇರಿ ಅದನ್ನು ಸರಿಸಿದೆವು. ಹಿಂದಿನ ಹಲಗೆಗೆ ಬೆರಳು ಒತ್ತಿದರೆ ಒದ್ದೆ ರಟ್ಟಿನಂತೆ ಒಳಗೆ ಹೋಯಿತು. ಗೋಡೆಯ ಮೇಲೆ ಬೂದು ಬಣ್ಣದ ಬೂಷ್ಟು, ಅದರಂಚಿಗೆ ಬಿಳಿ ಉಪ್ಪಿನ ಗೆರೆ. ಆ ಗೋಡೆಯ ಆಚೆ ಬದಿಗೆ ಸ್ನಾನದ ಮನೆಯಿತ್ತು. ನೆಲ ಅಗೆದು, ಕೊಳವೆ ಬದಲಿಸಿ, ನೀರು ತಡೆಯುವ ಪದರ ಮತ್ತೆ ಹಾಕಿಸಿ ಮುಗಿಸುವಷ್ಟರಲ್ಲಿ ಆ ವರ್ಷದ ಉಳಿತಾಯವೆಲ್ಲ ಕರಗಿತ್ತು. ಕೊಳ್ಳುವ ಮೊದಲು “ಈ ಬೀರು ಸ್ವಲ್ಪ ಸರಿಸಿ” ಎಂದು ಕೇಳಲು ನನಗೆ ಸಂಕೋಚವಾಗಿತ್ತು. ನೀವು ಸಂಕೋಚಪಡಬೇಡಿ.

ತೇವ ಕಂಡರೆ ಅದು ಎಲ್ಲಿಂದ ಬಂತೆಂದು ತಿಳಿಯುವುದು ಮುಖ್ಯ, ಏಕೆಂದರೆ ಖರ್ಚು ನಿಂತಿರುವುದು ಅದರ ಮೇಲೆ. ನೆಲದಿಂದ ಮೇಲೇರಿ ಸುಮಾರು ಒಂದು ಮೀಟರ್ ಎತ್ತರದೊಳಗೆ ಅಡ್ಡ ಗೆರೆಯಾಗಿ ನಿಂತಿದ್ದರೆ ಅದು ಬಹುಮಟ್ಟಿಗೆ ಮಣ್ಣಿನಿಂದ ಗೋಡೆ ಹೀರಿದ ನೀರು. ಚಾವಣಿಯಲ್ಲಿ ಕಂದು ಬಣ್ಣದ ಉಂಗುರ ಕಂಡರೆ ಮೇಲಿನಿಂದ ಇಳಿದದ್ದು. ಮಳೆಗಾಲದಲ್ಲಿ ಬಂದು ಬೇಸಿಗೆಯಲ್ಲಿ ಒಣಗುವ ತೇವಕ್ಕೆ ಮಳೆ ಕಾರಣ. ವರ್ಷವಿಡೀ ಒಂದೇ ಸಮ ಇರುವ ತೇವಕ್ಕೆ ಕೊಳವೆ ಕಾರಣ. ಅನುಮಾನವಿದ್ದರೆ ಅಂಗೈಯಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಹೊರಮೈಯಲ್ಲಿ ಹನಿಗಟ್ಟಿದರೆ ಕೋಣೆಗೆ ಗಾಳಿ ಸಾಲದು ಎಂದರ್ಥ, ಅದು ಕಿಟಕಿ ತೆರೆದಿಟ್ಟರೆ ಸರಿಹೋಗುವ ತೊಂದರೆ. ಒಳಮೈಯಲ್ಲಿ ಹನಿಗಟ್ಟಿದರೆ ಗೋಡೆಯೊಳಗೇ ನೀರಿದೆ.

ಹೊಸ ಬಣ್ಣದ ವಿಷಯ. ಇಡೀ ಮನೆಗೆ ಬಳಿದಿದ್ದರೆ ಅದು ಮಾರುವವರ ಸಹಜ ಸಿದ್ಧತೆ. ಒಂದೇ ಗೋಡೆಗೋ ಚಾವಣಿಯ ಒಂದೇ ಮೂಲೆಗೋ ಬಳಿದಿದ್ದರೆ ಏಕೆಂದು ನೇರವಾಗಿ ಕೇಳಿ. ಟಾರ್ಚನ್ನು ಗೋಡೆಗೆ ತಾಗಿಸಿ ಪಕ್ಕಕ್ಕೆ ಬೆಳಕು ಬಿಡಿ. ಎದುರಿನಿಂದ ಕಾಣದ ತೇಪೆ, ಉಬ್ಬು, ಬಿರುಕು ಆಗ ನೆರಳಾಗಿ ಎದ್ದು ಕಾಣುತ್ತದೆ.

ಬಿರುಕು ಕಂಡೊಡನೆ ಗಾಬರಿಯಾಗಬೇಕಿಲ್ಲ. ಕೂದಲೆಳೆಯಂಥ, ಬಲೆಯಂತೆ ಹರಡಿದ ಬಿರುಕು ಗಾರೆ ಒಣಗುವಾಗ ಆದದ್ದು. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು ಒಂದು ತುದಿಯಲ್ಲಿ ಅಗಲ, ಇನ್ನೊಂದು ತುದಿಯಲ್ಲಿ ಕಿರಿದಾಗುವ ಬಿರುಕು ಅಡಿಪಾಯ ಕುಸಿದಿರಬಹುದು ಎನ್ನುತ್ತದೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗುರುತು ಹಾಕಿ ಪಕ್ಕದಲ್ಲಿ ದಿನಾಂಕ ಬರೆಯಿರಿ. ಕೆಲವು ವಾರಗಳ ನಂತರ ಗುರುತು ದಾಟಿದ್ದರೆ ಅದು ಇನ್ನೂ ಬೆಳೆಯುತ್ತಿದೆ. ನನಗೆ ಎಲ್ಲಕ್ಕಿಂತ ಹೆಚ್ಚು ಭಯವಿರುವುದು ಬೀಮಿನ ಉದ್ದಕ್ಕೆ ಹೋದ, ತುಕ್ಕಿನ ಕಲೆಯಿರುವ ಬಿರುಕಿನ ಬಗ್ಗೆ. ತುಕ್ಕಿಗೆ ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಕು, ಹಾಗಾಗಿ ಅದು ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ಅಂಥದ್ದು ಕಂಡರೆ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಂದ ಪರೀಕ್ಷೆ ಮಾಡಿಸದೆ ಮುಂಗಡ ಕೊಡಬೇಡಿ. ಅವರ ಶುಲ್ಕ ಮನೆಯ ಬೆಲೆಯ ಮುಂದೆ ಏನೂ ಅಲ್ಲ.

ನೀರಿನ ಮೀಟರ್ ಇದ್ದರೆ ಮನೆಯ ಎಲ್ಲ ನಲ್ಲಿಗಳನ್ನೂ ನಿಲ್ಲಿಸಿ ಅದರ ಮುಂದೆ ಹತ್ತು ನಿಮಿಷ ನಿಲ್ಲಿ. ಮುಳ್ಳು ಅಲುಗಿದರೆ ಎಲ್ಲೋ ಸೋರುತ್ತಿದೆ. ಒಪ್ಪಿದರೆ ಸ್ನಾನದ ಮನೆಯ ನೀರು ಹೋಗುವ ಬಾಯಿಗೆ ಬಟ್ಟೆ ತುರುಕಿ, ನೆಲದ ಮೇಲೆ ಎರಡು ಮೂರು ಸೆಂಟಿಮೀಟರ್ ನೀರು ಕಟ್ಟಿ 24 ಗಂಟೆ ಬಿಡಿ. ಮರುದಿನ ಕೆಳಗಿನ ಚಾವಣಿ, ಪಕ್ಕದ ಗೋಡೆ ನೋಡಿ. ಇದಕ್ಕೆ ಸಿಟ್ಟಾಗುವವರಿಗಿಂತ ಒಪ್ಪುವ ಮಾರಾಟಗಾರರನ್ನೇ ನಾನು ಹೆಚ್ಚು ಕಂಡಿದ್ದೇನೆ.

ವಕೀಲರು ಕಾಗದ ನೋಡುತ್ತಾರೆ, ಅಳತೆ ಹಿಡಿಯುವುದಿಲ್ಲ. ಕೋಣೆಗಳನ್ನು ನೀವೇ ಅಳೆದು ನಕ್ಷೆಯೊಂದಿಗೆ ಹೋಲಿಸಿ. ನಕ್ಷೆಯಲ್ಲಿಲ್ಲದ ಕೋಣೆಯೊಂದು ಮನೆಯಲ್ಲಿದ್ದರೆ ಅದನ್ನು ವಕೀಲರಿಗೆ ನೀವೇ ತಿಳಿಸಬೇಕು. ಇನ್ನು, ಬೇಗ ಬೇಗ ಎನ್ನುವವರಿಗೆ ಒಂದು ವಾರ ಬೇಕೆಂದು ಸಮಾಧಾನವಾಗಿ ಹೇಳಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಇರಲು ಸ್ವಂತ ಮನೆಯಿದೆ. ಸಾಲ ಮಾಡಿ ಇನ್ನೊಂದು ಮನೆ ಕೊಂಡು ಬಾಡಿಗೆಗೆ ಕೊಟ್ಟರೆ ಬಾಡಿಗೆಯೇ ಕಂತು ತೀರಿಸುತ್ತದೆ ಎಂದು ಮಗ ಹೇಳುತ್ತಾನೆ. ಹೌದೇ?

ಉತ್ತರ: ಬಹಳ ಕಡೆ ತೀರಿಸುವುದಿಲ್ಲ, ಅಮ್ಮಾ. ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಲೆಕ್ಕ ಮಾಡಿ.

ಮನೆಯ ಬೆಲೆಯನ್ನು ಅಲ್ಲಿ ಸಿಗಬಹುದಾದ ತಿಂಗಳ ಬಾಡಿಗೆಯಿಂದ ಭಾಗಿಸಿ. 300 ಬಂತೆನ್ನೋಣ. ಅಂದರೆ ವರ್ಷದ ಬಾಡಿಗೆ ಬೆಲೆಯ ಶೇ. 4 ಮಾತ್ರ. ಈಗ ಬೆಲೆಯ ಶೇ. 80ರಷ್ಟು ಸಾಲ, ಬಡ್ಡಿ ಶೇ. 9, ಅವಧಿ 20 ವರ್ಷ ಎಂದಿಟ್ಟುಕೊಳ್ಳಿ. ಆಗ ಬಾಡಿಗೆಯು ಕಂತಿನ ಅರ್ಧಕ್ಕೂ ಸಾಲುವುದಿಲ್ಲ. ಉಳಿದದ್ದು ನಿಮ್ಮ ಪಿಂಚಣಿಯಿಂದಲೇ ಹೋಗಬೇಕು. ಇದೇ ಸಾಲದಲ್ಲಿ ಮೊದಲ ಕಂತಿನ ಆರು ಪಾಲಿನಲ್ಲಿ ಐದು ಪಾಲು ಬಡ್ಡಿಗೇ ಹೋಗುತ್ತದೆ. ಅಸಲು ಅರ್ಧಕ್ಕೆ ಇಳಿಯುವುದು 14ನೆಯ ವರ್ಷದಲ್ಲಿ. 20 ವರ್ಷ ಮುಗಿಯುವಾಗ ಪಡೆದ ಸಾಲದ ಎರಡು ಪಟ್ಟಿಗಿಂತ ಹೆಚ್ಚು ಕಟ್ಟಿರುತ್ತೀರಿ.

ಇದರಲ್ಲಿ ಮನೆ ಖಾಲಿ ಬೀಳುವ ತಿಂಗಳುಗಳನ್ನು ನಾನು ಹಿಡಿದಿಲ್ಲ. ವರ್ಷಕ್ಕೆ ಒಂದು ತಿಂಗಳು ಖಾಲಿಯಿದ್ದರೂ ಬಾಡಿಗೆಯ ಶೇ. 8ಕ್ಕಿಂತ ಹೆಚ್ಚು ಹೋಯಿತು. ತೆರಿಗೆ, ಸುಣ್ಣಬಣ್ಣ, ಕೆಟ್ಟುಹೋಗುವ ಮೋಟಾರು, ಇವೂ ಸೇರಬೇಕು.

ಮನೆಯ ಬೆಲೆ ಏರುತ್ತದಲ್ಲ ಎಂದು ಮಗ ಕೇಳಬಹುದು. ಏರಬಹುದು. ಆದರೆ ಆ ಏರಿಕೆ ಕೈಗೆ ಬರುವುದು ಮನೆ ಮಾರಿದ ದಿನ. ಕಂತು ಕಟ್ಟಬೇಕಾದದ್ದು ಪ್ರತಿ ತಿಂಗಳು. ನಿಮ್ಮ ವಯಸ್ಸಿನಲ್ಲಿ ಆ ಎರಡರ ನಡುವಿನ ಅಂತರ ನನಗೆ ದೊಡ್ಡದಾಗಿ ಕಾಣುತ್ತದೆ. ಆದರೂ ಮನಸ್ಸಿದ್ದರೆ ಒಂದು ಪರೀಕ್ಷೆ ಮಾಡಿ: ಕಂತಿನಲ್ಲಿ ಬಾಡಿಗೆ ಕಳೆದು ಉಳಿಯುವ ಹಣವನ್ನು ಆರು ತಿಂಗಳು ಬೇರೆ ಖಾತೆಗೆ ಹಾಕುತ್ತಾ ಬನ್ನಿ. ಔಷಧಿಗೋ ಹಬ್ಬಕ್ಕೋ ಒಮ್ಮೆಯಾದರೂ ಅದರಿಂದ ತೆಗೆಯಬೇಕಾಗಿ ಬಂದರೆ, ಸಾಲ ಬೇಡ.

ಪ್ರಶ್ನೆ: ಬಾಡಿಗೆ ಶೇ. 5 ಏರಿಸಿದ್ದಕ್ಕೆ ನಾಲ್ಕು ವರ್ಷದಿಂದ ಇದ್ದವರು ಬಿಟ್ಟು ಹೊರಟಿದ್ದಾರೆ. ಗೋಡೆಯ ಬಣ್ಣ ಮಾಸಿದೆ, ಮೊಳೆ ಹೊಡೆದಿದ್ದಾರೆ, ಕೈತೊಳೆಯುವ ಬೇಸಿನ್ ಬಿರುಕು ಬಿಟ್ಟಿದೆ. ಠೇವಣಿಯಿಂದ ಎಷ್ಟು ಹಿಡಿದುಕೊಳ್ಳಬಹುದು?

ಉತ್ತರ: ಅವರು ಬಂದ ದಿನ ಬೇಸಿನ್ ಹೇಗಿತ್ತೆಂದು ಎಲ್ಲಾದರೂ ಬರೆದಿಟ್ಟಿದ್ದೀರಾ? ಅದರ ಫೋಟೊ ಇದೆಯೇ? ಪತ್ರದಲ್ಲಿ ಆ ಮಾತೇ ಇಲ್ಲ, ಇಲ್ಲವೆಂದೇ ಭಾವಿಸುತ್ತೇನೆ. ಹಾಗಿದ್ದರೆ ಅವರೊಂದಿಗೆ ಕುಳಿತು ಮಾತಾಡಿ, ಅವರು ಒಪ್ಪಿದಷ್ಟು ಮಾತ್ರ ಹಿಡಿಯಿರಿ.

ನಾಲ್ಕು ವರ್ಷ ಬಾಳಿದ ಮನೆಯ ಬಣ್ಣ ಮಾಸುವುದು ಬಳಕೆಯ ಸವೆತ. ಅದಕ್ಕೆ ಅವರು ಬಾಡಿಗೆ ಕೊಟ್ಟಿದ್ದಾರೆ. ಕ್ಯಾಲೆಂಡರ್ ತೂಗುಹಾಕಿದ ಎರಡು ಮೊಳೆಗೂ ಹಣ ಕೇಳಬಾರದು ಎಂಬುದು ನನ್ನ ಅಭಿಪ್ರಾಯ. ಬೇಸಿನ್ ಒಡೆದದ್ದು ಹಾನಿ. ಆದರೆ ಹತ್ತು ವರ್ಷ ಹಳೆಯ ಬೇಸಿನ್ನಿಗೆ ಹೊಸದರ ಪೂರ್ತಿ ಬೆಲೆ ಕೇಳುವುದೂ ನ್ಯಾಯವಲ್ಲ. ಹಳೆಯದಾದಷ್ಟೂ ಅವರ ಪಾಲು ಕಡಿಮೆಯಾಗಬೇಕು. ಏನೇ ಹಿಡಿದರೂ ರಸೀದಿ ಕೊಡಿ.

ಇನ್ನು ಬಾಡಿಗೆ ಏರಿಸಿದ ವಿಷಯ. ಹೊಸಬರು ಸಿಗುವವರೆಗೆ ಒಂದು ತಿಂಗಳು ಮನೆ ಖಾಲಿಯಿದ್ದರೆ, ಆ ನಷ್ಟ ತುಂಬಲು ಶೇ. 5ರ ಏರಿಕೆಗೆ ಸುಮಾರು 20 ತಿಂಗಳು ಬೇಕು. ಬಣ್ಣದ ಖರ್ಚು ಸೇರಿದರೆ ಇನ್ನೂ ಹೆಚ್ಚು. ಅವರು ಸಮಯಕ್ಕೆ ಬಾಡಿಗೆ ಕೊಡುವವರಾಗಿದ್ದರೆ ಈಗಲೂ ಒಂದು ಮಾತು ಕೇಳಿ ನೋಡಿ, ಏರಿಕೆಯನ್ನು ಮುಂದಿನ ವರ್ಷಕ್ಕೆ ಹಾಕಬಹುದು.

ಮುಂದೆ ಯಾರೇ ಬರಲಿ, ಬೀಗದ ಕೈ ಕೊಡುವ ದಿನ ಅವರ ಜೊತೆ ಕೋಣೆ ಕೋಣೆಗೂ ಹೋಗಿ. ಫ್ಯಾನು, ನಲ್ಲಿ, ಕಿಟಕಿಯ ಗಾಜು, ಬಾಗಿಲ ಚಿಲಕ ಎಲ್ಲವನ್ನೂ ಎರಡು ಪ್ರತಿಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ. ವಿದ್ಯುತ್ ಮತ್ತು ನೀರಿನ ಮೀಟರಿನ ಅಂಕಿ ಕಾಣುವಂತೆ ಫೋಟೊ ತೆಗೆಯಿರಿ. ಸ್ವಿಚ್ ಪೆಟ್ಟಿಗೆಯಲ್ಲಿ ಶಾಕ್ ತಡೆಯುವ ಬ್ರೇಕರ್ ಇರುತ್ತದೆ, ಅದರ ‘ಟೆಸ್ಟ್’ ಗುಂಡಿಯನ್ನು ಅವರ ಎದುರೇ ಒತ್ತಿ. ಕರೆಂಟು ತಟ್ಟನೆ ಹೋಗಬೇಕು. ಹೋಗದಿದ್ದರೆ ಬೀಗದ ಕೈ ಕೊಡುವುದನ್ನು ಮುಂದೂಡಿ, ಎಲೆಕ್ಟ್ರಿಷಿಯನ್ ಕರೆಸಿ. ನಿಮ್ಮ ಮನೆಯಲ್ಲಿ ಯಾರದೋ ಮಗು ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟುತ್ತದೆ.

ಪ್ರಶ್ನೆ: ಅಕ್ಕಾ, ನಾನು ಒಬ್ಬಳೇ ಬಾಡಿಗೆಗೆ ಇದ್ದೇನೆ. ಮನೆಯ ಮಾಲೀಕರ ಬಳಿ ಇನ್ನೊಂದು ಕೀ ಇದೆ. ನಾನು ಕೆಲಸಕ್ಕೆ ಹೋದಾಗ “ನಲ್ಲಿ ನೋಡಲು” ಒಳಗೆ ಬಂದು ಹೋಗುತ್ತಾರೆ. ಹೇಗೆ ಹೇಳಲಿ?

ಉತ್ತರ: ನಿನ್ನ ಪತ್ರ ಓದಿ ನನಗೆ ಕೋಪವೇ ಬಂತು. ಬಾಡಿಗೆಗೆ ಕೊಟ್ಟ ಮೇಲೆ ಮನೆ ಮಾಲೀಕರದ್ದೇ ಆದರೂ ಅಲ್ಲಿನ ವಾಸ ನಿನ್ನದು. ಬೆಂಕಿಯೋ ನೀರು ನುಗ್ಗುವುದೋ ಆದರೆ ಮಾತು ಬೇರೆ. ಉಳಿದಂತೆ ಮೊದಲೇ ತಿಳಿಸಿ, ನೀನಿರುವಾಗ ಬರಬೇಕು.

ಬಾಯಲ್ಲಿ ಹೇಳಬೇಡ, ಬರೆದು ಕಳುಹಿಸು. ಮೊಬೈಲ್ ಸಂದೇಶವಾದರೂ ಸಾಕು: “ದುರಸ್ತಿ ಇದ್ದರೆ ಒಂದು ದಿನ ಮೊದಲು ತಿಳಿಸಿ, ನಾನು ಮನೆಯಲ್ಲಿರುತ್ತೇನೆ.” ಜೊತೆಗೆ ಆ ನಲ್ಲಿಯನ್ನು ಸರಿಮಾಡಿಸಿಕೊಡಲು ಅದರಲ್ಲೇ ಕೇಳು. ಸೆಕೆಂಡಿಗೆ ಒಂದು ಹನಿ ಬಿದ್ದರೂ ದಿನಕ್ಕೆ ಸುಮಾರು 20 ಲೀಟರ್ ನೀರು ಹೋಗುತ್ತದೆ, ಅವರಿಗೂ ಅದು ಬೇಡವಾದದ್ದೇ. ಅಷ್ಟಾದರೂ ಬರುವುದು ನಿಲ್ಲದಿದ್ದರೆ ನಿನ್ನ ಊರಿನ ಬಾಡಿಗೆ ಕಾನೂನು ಬಲ್ಲ ವಕೀಲರನ್ನು ಕಾಣು. ಆ ಸಂದೇಶಗಳೇ ಆಗ ನಿನಗೆ ದಾಖಲೆ.

ಒಳಗಿನಿಂದ ಹಾಕುವ ಚಿಲಕ ಗಟ್ಟಿಯಾಗಿದೆಯೇ ಎಂದು ಇವತ್ತೇ ನೋಡಿಕೋ. ಬೀಗದ ಒಳಗಿನ ಸಿಲಿಂಡರ್ ಮಾತ್ರ ಬದಲಿಸಲು ಬರುತ್ತದೆ, ಬಾಗಿಲಿಗೆ ಏನೂ ಆಗುವುದಿಲ್ಲ. ಕರಾರಿನಲ್ಲಿ ಬೀಗದ ಬಗ್ಗೆ ಏನು ಬರೆದಿದೆ ಎಂದು ಮೊದಲು ಓದಿ, ಮಾಲೀಕರಿಗೆ ತಿಳಿಸಿಯೇ ಬದಲಿಸು. ಹಳೆಯ ಸಿಲಿಂಡರನ್ನು ಜೋಪಾನವಾಗಿ ಇಟ್ಟುಕೊಂಡಿರು, ಮನೆ ಬಿಡುವ ದಿನ ಮತ್ತೆ ಹಾಕಿಸಿಕೊಡಬೇಕು.