ಖಾರ್ಘರ್ ಹತ್ತಿರ ಅರ್ಧ ದಿನಕ್ಕೆ ಕಾಡು ಬೇಕಾ? ಕರ್ನಾಳಾಗೆ ಹೋಗಿ, ಆದರೆ ಕೋಟೆ ಮತ್ತು ಹಕ್ಕಿ ಒಂದೇ ದಿನ ಬೇಡ

ನೀವು ಕೇಳಿದ್ದು ಇಷ್ಟು: ನವಿ ಮುಂಬಯಿಯ ಖಾರ್ಘರ್‌ಗೆ ಬಂದು ಆರು ತಿಂಗಳಾಯಿತು, ಕಟ್ಟಡ ನೋಡಿ ನೋಡಿ ಸಾಕಾಗಿದೆ. ಅರ್ಧ ದಿನದಲ್ಲಿ ಹೋಗಿ ಬರುವಂಥ ಚಿಕ್ಕ ಕಾಡು ಇದೆಯಾ? ಸ್ವಲ್ಪ ಹತ್ತಬೇಕು, ಸ್ವಲ್ಪ ಹಕ್ಕಿ ನೋಡಬೇಕು. ಜೊತೆಗೆ ಒಂಬತ್ತು ವರ್ಷದ ಮಗಳು, ಊರಿಂದ ಬರುವ ಅಪ್ಪ.

ಇದೆ. ಕರ್ನಾಳಾ ಪಕ್ಷಿಧಾಮ. ಪನ್ವೇಲ್‌ನಿಂದ ಸುಮಾರು 12 ಕಿಲೋಮೀಟರ್, ಗೋವಾ ಹೆದ್ದಾರಿಯ ಪಕ್ಕದಲ್ಲೇ. 1968ರಲ್ಲಿ ಪಕ್ಷಿಧಾಮ ಅಂತ ಘೋಷಿಸಿದಾಗ ಇದು ಐದು ಚದರ ಕಿಲೋಮೀಟರ್ ಕೂಡ ಇರಲಿಲ್ಲ. ಆಮೇಲೆ ಹಿಗ್ಗಿಸಿ 12 ಚದರ ಕಿಲೋಮೀಟರ್ ಮಾಡಿದರು. ಈಗಲೂ ಚಿಕ್ಕದೇ. ಬೋರಿವಲಿಯ ನ್ಯಾಷನಲ್ ಪಾರ್ಕ್ 100 ಚದರ ಕಿಲೋಮೀಟರ್ ದಾಟುತ್ತದೆ, ಅದರ ಮುಂದೆ ಇದು ಹಿತ್ತಲು.

ನಾನು ಕುಮಟಾ ಕಡೆಯವನು. ಪನ್ವೇಲ್‌ನಲ್ಲಿ ಶುರುವಾಗುವ ಈ 66ನೇ ಹೆದ್ದಾರಿಯೇ ನಮ್ಮೂರಿನ ಮೂಲಕವೂ ಹಾದು ಹೋಗುತ್ತದೆ. ಹಾಗಾಗಿ ಊರಿಗೆ ಹೋಗುವಾಗ, ಬರುವಾಗ ಬಸ್ಸಿನ ಕಿಟಕಿಯಿಂದ ಎಷ್ಟೋ ವರ್ಷ ಆ ಬೆಟ್ಟದ ಮೇಲಿನ ಕಲ್ಲುಕಂಬ ನೋಡಿದ್ದೆ. ಯಾರೋ ಹೆಬ್ಬೆರಳು ಎತ್ತಿ ತೋರಿಸಿದ ಹಾಗೆ ನಿಂತಿರುತ್ತದೆ. ಒಮ್ಮೆಯೂ ಇಳಿದು ನೋಡಿರಲಿಲ್ಲ. ಅಮ್ಮ ಮೊದಲ ಸಲ ಹೆಸರು ಕೇಳಿದಾಗ "ಕರ್ನಾಟಕದ್ದಾ?" ಅಂದಿದ್ದಳು. ಅಲ್ಲ. ಕಲ್ಲುಕಂಬ ಇರುವ ಆ ಬೆಟ್ಟವೇ ಕರ್ನಾಳಾ ಕೋಟೆ, ಅದರ ಮೇಲೆ ಕರ್ಣಾಯಿ ದೇವಿಯ ಗುಡಿ ಇದೆ.

ನನ್ನನ್ನು ಅಲ್ಲಿಗೆ ಎಳೆದದ್ದು ಒಂದು ಹಕ್ಕಿ. ಕೆಲವು ವರ್ಷಗಳ ಹಿಂದೆ ಜೂನ್‌ನಲ್ಲಿ, ಮೊದಲ ಮಳೆಯ ಮರುದಿನ, ಕಾಮೋಠೆಯ ನಮ್ಮ ಸೊಸೈಟಿಯ ಮೆಟ್ಟಿಲ ಮೇಲೆ ಒಂದು ಪುಟ್ಟ ಹಕ್ಕಿ ಬಿದ್ದಿತ್ತು. ಕಿಟಕಿಯ ಗಾಜಿಗೆ ಬಡಿದಿರಬೇಕು. ನನ್ನ ಮುಷ್ಟಿಯೊಳಗೆ ಮುಚ್ಚಿಹೋಗುವಷ್ಟು. ಹೊಟ್ಟೆ ಅರಿಶಿನ ಹಚ್ಚಿದ ಹಾಗೆ, ತಲೆ ಕಿತ್ತಳೆ ಮತ್ತು ನೇರಳೆ, ಕೊಕ್ಕು ಹವಳ. ಮೈಗೆ ಹೋಲಿಸಿದರೆ ಆ ಕೊಕ್ಕು ತೀರಾ ದೊಡ್ಡದು, ಯಾರೋ ಬೇರೆಯವರದ್ದು ತಂದು ಅಂಟಿಸಿದಂತೆ. ಚಪ್ಪಲಿಯ ರಟ್ಟಿನ ಡಬ್ಬಿಗೆ ತೂತು ಮಾಡಿ ಒಳಗಿಟ್ಟು ಕತ್ತಲೆಯಲ್ಲಿ ಸುಮ್ನೆ ಬಿಟ್ಟೆವು. ನೀರು ಕುಡಿಸಲು ಹೋಗಲಿಲ್ಲ. ಮುಕ್ಕಾಲು ಗಂಟೆ ಬಿಟ್ಟು ಮುಚ್ಚಳ ತೆಗೆದರೆ ಸರ್ರನೆ ಹಾರಿ ಹೋಯಿತು. ಪಕ್ಕದ ಮನೆಯ ಮರಾಠಿ ಕಾಕಾ "ತಿಬೋಟೀ ಖಂಡ್ಯಾ" ಅಂದರು. ಮೂರು ಬೆರಳಿನ ಮಿಂಚುಳ್ಳಿ. ಮಳೆ ಶುರುವಾಗುವ ಹೊತ್ತಿಗೆ ಮರಿ ಮಾಡಲು ಕೊಂಕಣಕ್ಕೆ ಬರುತ್ತದೆ. ಕಾಕಾ ಹೇಳಿದ ಇನ್ನೊಂದು ಮಾತು: "ಕರ್ನಾಳಾಗೆ ಹೋಗಿ ನೋಡು, ಅಲ್ಲಿ ಮೆಟ್ಟಿಲ ಮೇಲೆ ಬೀಳೋದಿಲ್ಲ."

ಹೋದೆ, ಮತ್ತು ಮೊದಲ ಸಲ ಎಲ್ಲ ತಪ್ಪನ್ನೂ ಮಾಡಿದೆ. ನಿಮ್ಮ ಪ್ರಶ್ನೆಯಲ್ಲಿ "ಸ್ವಲ್ಪ ಹತ್ತಬೇಕು, ಸ್ವಲ್ಪ ಹಕ್ಕಿ" ಅಂತ ಓದಿದಾಗ ಅದೇ ನೆನಪಾಯಿತು. ನಾನೂ ಹಾಗೇ ಅಂದುಕೊಂಡಿದ್ದೆ. ಮನೆ ಬಿಟ್ಟಾಗಲೇ ಎಂಟು ಗಂಟೆ. ಕೋಟೆಗೆ ದುಡುದುಡು ಹತ್ತಿದೆವು, ನಾಲ್ಕು ಜನ, ಮಾತಾಡುತ್ತಾ. ಹತ್ತುವಾಗ ಕಣ್ಣು ಪೂರ್ತಿ ಕಾಲ ಬುಡದಲ್ಲಿ. ಇಳಿಯುವಾಗ ಮಂಡಿ ನಡುಗುತ್ತಿತ್ತು, ಬಿಸಿಲು ನೆತ್ತಿಗೆ ಬಂದಿತ್ತು. ಕಾಡು ನಿಶ್ಶಬ್ದ. ಒಟ್ಟು ನೋಡಿದ್ದು ಎರಡು ಪಿಕಳಾರ, ಒಂದು ಕಾಗೆ. ಮೇಲಿಂದ ಮಂಗವೊಂದು ಬಂದು ತಮ್ಮನ ಮಗನ ಕೈಯಿಂದ ಚಕ್ಕುಲಿ ಪೊಟ್ಟಣ ಕಿತ್ತುಕೊಂಡು ಹೋಯಿತು. ಪಕ್ಷಿಧಾಮದಲ್ಲಿ ಹಕ್ಕಿನೇ ಇಲ್ಲ ಅಂತ ಬೈದುಕೊಂಡು ಮನೆಗೆ ಬಂದೆವು.

ಹಕ್ಕಿ ಇದ್ದವು. ನಾವು ನಿಂತಿರಲಿಲ್ಲ, ಅಷ್ಟೇ.

ಹಾಗಾಗಿ ಒಂದು ದಿನಕ್ಕೆ ಒಂದೇ ಕೆಲಸ ಇಟ್ಟುಕೊಳ್ಳಿ. ಅಪ್ಪ, ಮಗಳು ಇಬ್ಬರನ್ನೂ ಕರೆದುಕೊಂಡು ಹೋಗುವ ದಿನ ಹಕ್ಕಿ. ಕೋಟೆಗೆ ಮಗಳೊಬ್ಬಳನ್ನು ಕರೆದುಕೊಂಡು ಇನ್ನೊಂದು ಭಾನುವಾರ ಹೋಗಿ.

ಹಕ್ಕಿಯ ದಿನ ಬಾಗಿಲು ತೆಗೆಯುವ ಹೊತ್ತಿಗೇ ಅಲ್ಲಿರಿ. ಒಳಗೆ ಎರಡು ಕಾಲುದಾರಿಗಳಿವೆ: ಹರಿಯಾಲ್ ಮತ್ತು ಮೋರ್‌ಟಾಕಾ. ಹರಿಯಾಲ್ ಚಿಕ್ಕದು, ಅಪ್ಪನಿಗೆ ಅದೇ ಸರಿ. ಹರಿಯಾಲ್ ಅಂದರೆ ಹಸಿರು ಪಾರಿವಾಳ, ಮಹಾರಾಷ್ಟ್ರದ ರಾಜ್ಯಪಕ್ಷಿ, ನಮಗೆ ನೀಲಕಂಠ ಇದ್ದ ಹಾಗೆ. ಮೊದಲು ಹೋದಾಗ ಬಾಗಿಲ ಹತ್ತಿರ ಕೆಲವು ಪಂಜರಗಳಿದ್ದವು. ಜಾಸ್ತಿ ಜನ ಅವುಗಳ ಮುಂದೆ ಫೋಟೋ ತೆಗೆದುಕೊಂಡು, ತಿಂಡಿ ತಿಂದು ವಾಪಸ್ ಹೋಗುತ್ತಿದ್ದರು. ನೀವು ಅವುಗಳನ್ನು ದಾಟಿ ಹೋಗಿ.

ದಾರಿಯಲ್ಲಿ ಇನ್ನೂರು ಹೆಜ್ಜೆ ನಡೆದು ಕೂತುಬಿಡಿ. ನಿಜವಾಗಿಯೂ ಕೂತುಬಿಡಿ, ಇಪ್ಪತ್ತು ನಿಮಿಷ. ಒಂಬತ್ತು ವರ್ಷದ ಮಗುವಿಗೆ ಅದು ಕಷ್ಟ ಅಂತ ಗೊತ್ತು. ಅವಳ ಕೈಗೆ ಒಂದು ಪುಸ್ತಕ, ಪೆನ್ಸಿಲ್ ಕೊಡಿ, ಕೇಳಿದ ದನಿಗಳಿಗೆ ಅವಳೇ ಹೆಸರಿಡಲಿ. ನನ್ನ ತಮ್ಮನ ಮಗ ಕುಟ್ರುಹಕ್ಕಿಗೆ "ಸ್ಕೂಟರ್ ಸ್ಟಾರ್ಟ್ ಆಗ್ತಿಲ್ಲ" ಅಂತ ಬರೆದಿದ್ದ. ಈಗಲೂ ಅದರ ದನಿ ಕೇಳಿದರೆ ನನಗೆ ಮೊದಲು ಸ್ಕೂಟರೇ ನೆನಪಾಗುತ್ತದೆ.

ಕೂತರೆ ಹಕ್ಕಿಗಳು ಒಂದೊಂದಾಗಿ ಅಲ್ಲ, ಗುಂಪಾಗಿ ಬರುತ್ತವೆ. ಹರಟೆಮಲ್ಲಗಳು ತರಗೆಲೆ ಕೆದಕುತ್ತಾ ಮುಂದೆ, ಮೇಲೆ ಚಿತ್ರಪಕ್ಷಿಗಳು, ಕಾಂಡದ ಮೇಲೆ ಮರಕುಟಿಗ, ಇವೆಲ್ಲ ಎಬ್ಬಿಸಿದ ಹುಳು ಹಿಡಿಯಲು ಹಿಂದೆ ಭೀಮರಾಜ. ಬಾಲದ ತುದಿಯಲ್ಲಿ ಎರಡು ತಂತಿ, ತಂತಿಯ ಕೊನೆಗೆ ಎರಡು ಬಿಲ್ಲೆ. ಹಾರುವಾಗ ಅದರ ಹಿಂದೆ ಎರಡು ದುಂಬಿಗಳು ಅಟ್ಟಿಸಿಕೊಂಡು ಹೋಗುತ್ತಿವೆಯೇನೋ ಅನ್ನಿಸುತ್ತದೆ. ಬೇರೆ ಹಕ್ಕಿಗಳ ದನಿ ಕದಿಯುವುದರಲ್ಲಿ ಇದು ಪ್ರವೀಣ. ಗಿಡುಗ ಕೂಗಿತು ಅಂತ ನೀವು ಆಕಾಶ ನೋಡುತ್ತೀರಿ, ಇದು ಎದುರಿನ ಕೊಂಬೆಯಲ್ಲೇ ಕೂತಿರುತ್ತದೆ. ಹತ್ತು ನಿಮಿಷ ಜಾತ್ರೆ, ಆಮೇಲೆ ಮತ್ತೆ ಏನೂ ಇಲ್ಲ. ಈ ಜಾತ್ರೆ ನಿಮ್ಮ ಮುಂದೆ ಹಾದು ಹೋಗುವಾಗ ನೀವು ನಡೆಯುತ್ತಿದ್ದರೆ ಕೈತಪ್ಪಿತು.

ಯಾವಾಗ ಹೋಗಬೇಕು? ಎಲ್ಲರೂ ಹೇಳುವುದು ಅಕ್ಟೋಬರ್‌ನಿಂದ ಮಾರ್ಚ್. ತಪ್ಪಲ್ಲ. ಚಳಿಗಾಲದಲ್ಲಿ ಹೊರಗಿಂದ ಬಂದ ಬೂದು ಕಾಜಾಣ, ನೊಣಹಿಡುಕಗಳು ಸಿಗುತ್ತವೆ, ಎಲೆ ಉದುರಿದ ಮರದಲ್ಲಿ ಹಕ್ಕಿ ಕಾಣುವುದೂ ಸುಲಭ. ಅಪ್ಪನಿಗೂ ದಾರಿ ಒಣಗಿರುತ್ತದೆ. ಆದರೆ ನನ್ನನ್ನು ಕೇಳಿದರೆ ಜೂನ್ ಕೊನೆ, ಜುಲೈ. ಆಗ ಆ ಮಿಂಚುಳ್ಳಿ ಇರುತ್ತದೆ.

ಮಿಂಚುಳ್ಳಿ ಅಂದರೆ ಕೆರೆ, ಮೀನು ಅಂದುಕೊಳ್ಳುತ್ತೇವೆ ಅಲ್ವಾ? ಇದು ಕಾಡಿನ ನೆರಳಿನ ತೊರೆಯ ಪಕ್ಕ, ನೆಲದಿಂದ ಎರಡು ಮೂರು ಅಡಿ ಎತ್ತರದ ಕೊಂಬೆಯಲ್ಲಿ ಕೂರುತ್ತದೆ. ಏಡಿ, ಪುಟ್ಟ ಕಪ್ಪೆ, ಅರಣೆ ಹಿಡಿಯುತ್ತದೆ. ತೊರೆಯ ದಂಡೆಯ ಮಣ್ಣಲ್ಲಿ ಗಂಡು ಹೆಣ್ಣು ಸೇರಿ ಸುರಂಗ ಕೊರೆದು ಅದರ ಕೊನೆಯಲ್ಲಿ ಮೊಟ್ಟೆ ಇಡುತ್ತವೆ. ಒಂದು ಜುಲೈ ಬೆಳಿಗ್ಗೆ ನಾನು ಕೊಡೆ ಹಿಡಿದು ಕಲ್ಲಿನ ಮೇಲೆ ಕೂತಿದ್ದೆ. ಎದುರಿನ ಬಳ್ಳಿಯ ಮೇಲೆ ಅದು ಬಂತು, ಕೊಕ್ಕಲ್ಲಿ ಅರಣೆ. ಅರಣೆ ಹಕ್ಕಿಯಷ್ಟೇ ಉದ್ದ. ಬಳ್ಳಿಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಡಿಯಿತು, ಅಗಸ ಬಟ್ಟೆ ಒಗೆಯುವ ಹಾಗೆ. ನಾನು ಎಣಿಸಿದ್ದು ಹದಿನೆಂಟು ಏಟು, ಅಷ್ಟರಲ್ಲಿ ಕನ್ನಡಕಕ್ಕೆ ಮಂಜು ಕಟ್ಟಿತು. ಒರೆಸಿಕೊಂಡು ನೋಡಿದರೆ ಬಳ್ಳಿ ಅಲ್ಲಾಡುತ್ತಿತ್ತು, ಹಕ್ಕಿ ಇರಲಿಲ್ಲ.

ಇಲ್ಲಿ ಒಂದು ಸಿಟ್ಟಿನ ಮಾತು. ಮಳೆಗಾಲದಲ್ಲಿ ದೊಡ್ಡ ಕ್ಯಾಮೆರಾಗಳು ಈ ಹಕ್ಕಿಯ ಹಿಂದೆ ಬರುತ್ತವೆ. ಕೆಲವರು ಫೋನಿನಲ್ಲಿ ಅದರ ದನಿ ಹಾಕಿ ಕರೆಯುತ್ತಾರೆ. ಗಂಡು ಹಕ್ಕಿ ಇನ್ಯಾವುದೋ ಗಂಡು ತನ್ನ ಜಾಗಕ್ಕೆ ನುಗ್ಗಿದೆ ಅಂದುಕೊಂಡು, ಮರಿಗೆ ಊಟ ತರುವುದು ಬಿಟ್ಟು ಹುಡುಕುತ್ತಾ ಸುತ್ತುತ್ತದೆ. "ಗೂಡು ತೋರಿಸುತ್ತೇನೆ ಬನ್ನಿ" ಅಂತ ಯಾರಾದರೂ ಕರೆದರೆ ದಯವಿಟ್ಟು ಹೋಗಬೇಡಿ. ಬಾಯಲ್ಲಿ ಏಡಿ ಹಿಡಿದ ಹಕ್ಕಿ ನಿಮ್ಮ ಮುಂದೆ ತುಂಬಾ ಹೊತ್ತು ಕೂತೇ ಇದ್ದರೆ ಅದು ಪೋಸ್ ಕೊಡುತ್ತಿಲ್ಲ, ಗೂಡಿಗೆ ಹೋಗಲು ನೀವು ಅಡ್ಡ ಇದ್ದೀರಿ. ಎದ್ದು ಹಿಂದೆ ಸರಿಯಿರಿ.

ಇನ್ನು ಕೋಟೆಯ ದಿನ. ಎತ್ತರ 500 ಮೀಟರ್ ಕೂಡ ಇಲ್ಲ. ಆರಾಮಾಗಿ ಹತ್ತಿದರೆ ಒಂದೂವರೆ ಗಂಟೆ, ಹೆಚ್ಚಿನ ಭಾಗ ಮರದ ನೆರಳು. ಕೊನೆಗೆ ಬಂಡೆ, ಮೆಟ್ಟಿಲು, ಬಾಗಿಲು. ಮೇಲೆ ಆ ಹೆಬ್ಬೆರಳು, ಸುಮಾರು 125 ಅಡಿಯ ಕಪ್ಪು ಕಲ್ಲು. ಅದರ ಬುಡದಲ್ಲಿ ಕೊರೆದ ನೀರಿನ ತೊಟ್ಟಿಗಳಿವೆ. ಕತ್ತು ಎತ್ತಿದರೆ ಕಲ್ಲಿಗೆ ಜೋತುಬಿದ್ದ ಹೆಜ್ಜೇನು ಗೂಡುಗಳು. ಅಲ್ಲಿ ಕೂಗಾಟ, ಹೊಗೆ, ಸೆಂಟು ಯಾವುದೂ ಬೇಡ. ಮಗಳಿಗೆ ಮೊದಲೇ ಹೇಳಿಡಿ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಕಲ್ಲು ವಿಪರೀತ ಜಾರುತ್ತದೆ. ಮಗುವನ್ನು ಕರೆದುಕೊಂಡು ಕೋಟೆ ಹತ್ತುವುದು ಡಿಸೆಂಬರ್‌ಗೆ ಇಟ್ಟುಕೊಳ್ಳಿ. ಆಕಾಶ ತಿಳಿಯಾಗಿದ್ದರೆ ಪ್ರಬಲಗಡ, ಮಾಣಿಕಗಡ ಕಾಣುತ್ತವೆ.

ಕೋಟೆಯ ಇತಿಹಾಸ ಉದ್ದ ಇದೆ. ಶಿವಾಜಿ 1670ರಲ್ಲಿ ಗೆದ್ದದ್ದು, 1818ರಲ್ಲಿ ಬ್ರಿಟಿಷರ ಕೈಗೆ ಹೋದದ್ದು, ಅಷ್ಟು ಸಾಕು. ಆದರೆ ಒಂದು ವಿಷಯ ನಿಮ್ಮ ಅಪ್ಪನಿಗೆ ಹೇಳಿ, ಖುಷಿಪಡುತ್ತಾರೆ. ಪನ್ವೇಲ್‌ನಿಂದ ಬರುವ ದಾರಿಯಲ್ಲೇ ಶಿರಢೋಣ್ ಸಿಗುತ್ತದೆ. ವಾಸುದೇವ ಬಲವಂತ ಫಡ್ಕೆ 1845ರಲ್ಲಿ ಹುಟ್ಟಿದ್ದು ಅಲ್ಲಿ. ಅವರ ಅಜ್ಜ ಈ ಕೋಟೆಯ ಕಿಲ್ಲೇದಾರರು. ಬ್ರಿಟಿಷರ ವಿರುದ್ಧ ದಂಗೆ ಎದ್ದ ಫಡ್ಕೆ 1879ರಲ್ಲಿ ಸಿಕ್ಕಿಬಿದ್ದದ್ದು ಎಲ್ಲಿ ಗೊತ್ತಾ? ನಮ್ಮ ವಿಜಯಪುರ ಜಿಲ್ಲೆಯ ದೇವರನಾವದಗಿಯಲ್ಲಿ.

ಹೋಗುವ ದಾರಿ: ಕಾರಿದ್ದರೆ ಚಿಂತೆಯಿಲ್ಲ. ಇಲ್ಲದಿದ್ದರೆ ಪನ್ವೇಲ್ ಎಸ್‌ಟಿ (ರಾಜ್ಯ ಸಾರಿಗೆ) ಬಸ್ ಸ್ಟ್ಯಾಂಡಿನಿಂದ ಪೇಣ್ ಕಡೆಯ ಬಸ್ಸು. ಹತ್ತುವ ಮೊದಲು ಕಂಡಕ್ಟರನ್ನು "ಕರ್ನಾಳಾಲಾ ಥಾಂಬತೇ ಕಾ?" (ಕರ್ನಾಳಾದಲ್ಲಿ ನಿಲ್ಲುತ್ತದಾ?) ಅಂತ ಕೇಳಿ, ದೂರದ ಬಸ್ಸುಗಳು ಕೆಲವು ನಿಲ್ಲುವುದಿಲ್ಲ. ವಾಪಸ್ ಬರುವಾಗ ಹೆದ್ದಾರಿ ದಾಟುವುದೇ ಇಡೀ ಪ್ರವಾಸದ ಅಪಾಯದ ಭಾಗ. ಮಗಳ ಕೈ ಬಿಡಬೇಡಿ. ಗೇಟಿನಲ್ಲಿ ಟಿಕೆಟ್‌ಗೆ ನಗದು ಇಟ್ಟುಕೊಳ್ಳಿ. ನಾನು ಹೋದಾಗೆಲ್ಲ ಪ್ಲಾಸ್ಟಿಕ್ ಬಾಟಲಿ ಎಣಿಸಿ ಠೇವಣಿ ತೆಗೆದುಕೊಂಡಿದ್ದಾರೆ, ತೋರಿಸಿದರೆ ವಾಪಸ್. ಸ್ಟೀಲ್ ಬಾಟಲಿ ಒಯ್ದರೆ ಈ ರಗಳೆಯೇ ಇಲ್ಲ. ತಿಂಡಿ ಬ್ಯಾಗಿನ ಒಳಗೇ ಇರಲಿ, ಕೈಯಲ್ಲಿ ಹಿಡಿದು ನಡೆಯಬೇಡಿ. ಚಕ್ಕುಲಿಯ ಕಥೆ ಹೇಳಿದೆನಲ್ಲ.

ದುರ್ಬೀನು ಕೊಳ್ಳುವುದಿದ್ದರೆ 8×42 ತೆಗೆದುಕೊಳ್ಳಿ, ಅಂದರೆ ಎಂಟು ಪಟ್ಟು ಹತ್ತಿರ ತೋರಿಸುವ, ಮುಂದಿನ ಗಾಜು 42 ಮಿಲಿಮೀಟರ್ ಅಗಲ ಇರುವಂಥದ್ದು. ಜಾಸ್ತಿ ಪವರ್ ಅಂತ ಆಸೆಪಟ್ಟರೆ ಕೈ ನಡುಗಿ ಏನೂ ಕಾಣುವುದಿಲ್ಲ, ಕಾಡಿನ ಕತ್ತಲೆಯಲ್ಲಿ ಇನ್ನೂ ಕಷ್ಟ. ಮೊದಲ ಸಲಕ್ಕೆ ಅದೂ ಬೇಡ, ಭೀಮರಾಜನಿಗೆ ಬರಿಗಣ್ಣು ಸಾಕು.

ಅಪ್ಪ ಬರುವುದು ಮಳೆಗಾಲದಲ್ಲಾದರೆ ಮೂವರಿಗೂ ಒಂದೊಂದು ಕೊಡೆ ಇರಲಿ. ಮಳೆ ನಿಂತ ಮೇಲೂ ಅರ್ಧ ಗಂಟೆ ಮರಗಳಿಂದ ಹನಿ ಬೀಳುತ್ತಲೇ ಇರುತ್ತದೆ, ಮಿಂಚುಳ್ಳಿ ಹೊರಗೆ ಬರುವುದೂ ಹೆಚ್ಚಾಗಿ ಅದೇ ಅರ್ಧ ಗಂಟೆಯಲ್ಲಿ.