ಅಜ್ಜಿಯ ಕಷಾಯದಿಂದ ಶುರುಮಾಡಿ

ಕುಷ್ಟಗಿಯ ಸಹೋದರಿಗೆ ನಮಸ್ಕಾರ.

ದಾಳಿಂಬೆ ಸಿಪ್ಪೆಯಿಂದ ಔಷಧೀಯ ಅಂಶ ತೆಗೆಯುವ ಕುರಿತು ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅಚ್ಚು ಹಾಕಲಾರೆ. ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಒಂದೂವರೆ ಪುಟ ತೆಗೆಯಿರಿ. 'ಅನಾದಿ ಕಾಲದಿಂದಲೂ ಮಾನವನು' ಎಂದು ಶುರುವಾದ ಬರಹವನ್ನು ನಮ್ಮ ಓದುಗರು ಮೂರನೇ ಸಾಲಿಗೇ ಬಿಡುತ್ತಾರೆ. ನಿಮ್ಮ ಲೇಖನಕ್ಕೆ ಜೀವ ಬರುವುದು ನಾಲ್ಕನೇ ಪುಟದಲ್ಲಿ: ಹೊಟ್ಟೆ ಕೆಟ್ಟಾಗ ಅಜ್ಜಿ ಒಣ ಸಿಪ್ಪೆ ಕುದಿಸಿ ಕುಡಿಸುತ್ತಿದ್ದರು ಎಂಬ ಒಂದೇ ಸಾಲಿನಲ್ಲಿ. ಅದನ್ನು 'ಅವೈಜ್ಞಾನಿಕ ಪದ್ಧತಿ' ಎಂದು ತಳ್ಳಿ ಮುಂದೆ ಹೋಗಿದ್ದೀರಿ. ನೀವು ಎಡವಿದ್ದು ಅಲ್ಲೇ.

ನಿಮ್ಮದೇ ಪ್ರಯೋಗ ನೋಡಿ. ಒಂದೇ ಪುಡಿಯನ್ನು ಹೆಕ್ಸೇನ್, ಈಥೈಲ್ ಅಸಿಟೇಟ್, ಮೆಥನಾಲ್, ನೀರು ಹೀಗೆ ನಾಲ್ಕು ದ್ರಾವಕಗಳಲ್ಲಿ, ಅಂದರೆ ಕರಗಿಸುವ ದ್ರವಗಳಲ್ಲಿ, ನೆನೆಸಿದ್ದೀರಿ. ಹೆಕ್ಸೇನಿಗೆ ಹೆಚ್ಚೇನೂ ಇಳಿಯದ್ದನ್ನು ಕಂಡು 'ವಿಫಲ' ಎಂದು ಬರೆದಿದ್ದೀರಿ. ಹೆಕ್ಸೇನ್ ಎಣ್ಣೆ, ಮೇಣದಂಥವನ್ನು ಕರಗಿಸುವ ದ್ರವ. ಸಿಪ್ಪೆಯಲ್ಲಿ ತುಂಬಿರುವುದು ಪ್ಯೂನಿಕಲಾಜಿನ್‌ನಂಥ ಒಗರು ಟ್ಯಾನಿನ್‌ಗಳು, ಅವು ನೀರಿಗೆ ಒಲಿಯುವವು. ಅದೇ ಹೆಕ್ಸೇನನ್ನು ಬೇವಿನ ಬೀಜದ ಪುಡಿಗೆ ಹಾಕಿದ್ದರೆ ಎಣ್ಣೆ ಇಳಿಯುತ್ತಿತ್ತು. ಹಾಗಾದರೆ ಅಜ್ಜಿ ನೀರನ್ನು ಆರಿಸಿದ್ದು ಸರಿಯೇ ಇತ್ತಲ್ಲ? ಅರಿಶಿನಕ್ಕೆ ಬಂದರೆ ಮಾತು ತಿರುಗುತ್ತದೆ: ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಇಲ್ಲವೆನ್ನಬೇಕು, ಆಲ್ಕೋಹಾಲಿನಲ್ಲಿ ಕರಗುತ್ತದೆ. ಗಿಡದಿಂದ ಏನು ಬೇಕು ಎಂದು ಕೇಳದೆ ಯಾವ ದ್ರಾವಕ ಒಳ್ಳೆಯದು ಎಂದು ಹೇಳಲು ಬರುವುದಿಲ್ಲ. ನಿಮ್ಮ ಹನ್ನೆರಡು ಪುಟಗಳಲ್ಲಿ ಆ ಪ್ರಶ್ನೆಯೇ ಇಲ್ಲ.

'ಮೆಥನಾಲ್ ಸರ್ವಶ್ರೇಷ್ಠ' ಎಂದಿದ್ದೀರಿ, ಸಾರದ ತೂಕ ಹೆಚ್ಚು ಬಂತೆಂಬ ಕಾರಣಕ್ಕೆ. ಆ ತೂಕದಲ್ಲಿ ಸಕ್ಕರೆ, ಬಣ್ಣ ಎಲ್ಲ ಸೇರಿರುತ್ತವೆ. ತೂಕವೇ ಗುಣವಲ್ಲ. ಇದಕ್ಕಿಂತ ನನ್ನನ್ನು ಕಾಡಿದ್ದು ಇನ್ನೊಂದು: ಮೆಥನಾಲ್ ಕಣ್ಣು ಕಳೆಯುವ, ಜೀವ ತೆಗೆಯುವ ವಿಷ ಎಂಬ ಒಂದು ಮಾತೂ ಲೇಖನದಲ್ಲಿಲ್ಲ. ಓದಿದವರು ಯಾರಾದರೂ ಮನೆಯಲ್ಲಿ ಮಾಡಿ ನೋಡಿದರೆ? ಔಷಧದಲ್ಲಿ ಉಳಿಯಬಹುದಾದ ಮೆಥನಾಲಿಗೆ ಹತ್ತು ಲಕ್ಷ ಭಾಗಕ್ಕೆ 3000, ಹೆಕ್ಸೇನಿಗೆ ಬರೀ 290 ಭಾಗ ಎಂದು ಅಂತರರಾಷ್ಟ್ರೀಯ ಮಿತಿಯಿದೆ. ಇದನ್ನು ಬರೆಯಲೇಬೇಕು. ಜೊತೆಗೆ ಎಥನಾಲಿಗೆ, ಅಂದರೆ ಮದ್ಯದಲ್ಲಿರುವ ಆಲ್ಕೋಹಾಲಿಗೆ, ನೀರು ಬೆರೆಸುವುದೇಕೆಂದೂ ಹೇಳಿ: ನೀರಿಗೆ ಪುಡಿಯ ಜೀವಕೋಶ ಉಬ್ಬಿ ಸಡಿಲವಾಗುತ್ತದೆ, ಆಗ ಎಥನಾಲ್ ಒಳಗಿಳಿದು ಕರಗಿಸುತ್ತದೆ. ಎಷ್ಟೋ ಗಿಡಗಳಿಗೆ ಶುದ್ಧ ಎಥನಾಲಿಗಿಂತ ಈ ಮಿಶ್ರಣವೇ ವಾಸಿ.

ಶಾಖದ ಬಗ್ಗೆ ಒಂದು ಪ್ಯಾರಾ ಬೇಕು. ಅಲ್ಲಿ ತೂ ಯೂಯೂ ಅವರ ಕಥೆ ಹೇಳಿ. ಮಲೇರಿಯಾಕ್ಕೆ ಮದ್ದು ಹುಡುಕುತ್ತ ಚೀನಾದ ಈ ವಿಜ್ಞಾನಿ ಚಿಂಗ್‌ಹಾವ್ ಗಿಡದ ಸಾರ ತೆಗೆದರು, ಫಲ ಒಂದು ಸಲ ಬಂದಂತೆ ಇನ್ನೊಂದು ಸಲ ಬರಲಿಲ್ಲ. ನಾಲ್ಕನೇ ಶತಮಾನದ ವೈದ್ಯ ಗೆ ಹಾಂಗ್ ಬರೆದಿಟ್ಟದ್ದನ್ನು ಮತ್ತೆ ಓದಿದಾಗ, ಗಿಡವನ್ನು ನೀರಿನಲ್ಲಿ ನೆನೆಸಿ ಹಿಂಡಿ ಕುಡಿಯಿರಿ ಎಂದಿತ್ತು. ಕುದಿಸುವ ಮಾತೇ ಇರಲಿಲ್ಲ. ಬಿಸಿಗೆ ಮದ್ದಿನ ಗುಣ ಕೆಡುತ್ತಿರಬಹುದೆಂದು ಊಹಿಸಿ ತೂ ಅವರು ಸುಮಾರು 35 ಡಿಗ್ರಿಗೇ ಕುದಿಯುವ ಈಥರ್ ಎಂಬ ದ್ರಾವಕ ಹಿಡಿದರು. 1971ರಲ್ಲಿ ಆ ಸಾರ ಇಲಿಗಳ ಮಲೇರಿಯಾವನ್ನು ಅಡಗಿಸಿತು, 2015ರಲ್ಲಿ ಅವರಿಗೆ ನೊಬೆಲ್ ಬಂತು. ನಿಮ್ಮ ಅಜ್ಜಿಗೆ ಕುದಿಸುವುದೇ ದಾರಿ, ತೂ ಅವರಿಗೆ ಕುದಿಸದಿರುವುದು. ಈ ಎರಡನ್ನೂ ಅಕ್ಕಪಕ್ಕ ಇಟ್ಟರೆ ಲೇಖನ ತಾನಾಗಿ ನಿಲ್ಲುತ್ತದೆ.

ಕ್ಯಾನ್ಸರ್ ಗುಣವಾಗುತ್ತದೆಂಬ ಸಾಲು ಹೊಡೆದುಹಾಕಿ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಕಂಡದ್ದು ರೋಗಿಗೆ ಕೊಡುವ ಭರವಸೆಯಲ್ಲ.

ಐದು ಪುಟ ಸಾಕು. ಬರೆಯುವ ಮುನ್ನ ಮನೆಯಲ್ಲಿ ಕೇಳಿ ನೋಡಿ, ಅಜ್ಜಿ ಸಿಪ್ಪೆಯನ್ನು ಎಷ್ಟು ಹೊತ್ತು, ಯಾವ ಪಾತ್ರೆಯಲ್ಲಿ ಕುದಿಸುತ್ತಿದ್ದರೆಂದು. ಕಬ್ಬಿಣದ್ದಾಗಿದ್ದರೆ ಕಷಾಯ ಕಪ್ಪಗಾಗಿರಬೇಕು. ಟ್ಯಾನಿನ್ ಕಬ್ಬಿಣದೊಡನೆ ಸೇರಿದರೆ ಹಾಗೇ ಆಗುವುದು. ಆ ಬಣ್ಣ ಮನೆಯಲ್ಲಿ ಯಾರಿಗಾದರೂ ನೆನಪಿದ್ದರೆ ಲೇಖನವನ್ನು ಅಲ್ಲಿಂದಲೇ ಶುರುಮಾಡಿ.