ಅನಸೂಯೆ ಎಲ್ಲಿ ಹೋದಳು?

ಉಪ್ಪಳದ ತಾಯಿಯೊಬ್ಬರು ಬರೆಯುತ್ತಾರೆ: “ಒಂಬತ್ತನೇ ಕ್ಲಾಸಿನ ಮಗಳು ಗೆಳತಿಯ ಜೊತೆ ಕೂತು ‘ಅಕ್ವಾಮರೀನ್’ ಅನ್ನುವ ಮತ್ಸ್ಯಕನ್ಯೆಯ ಸಿನಿಮಾವನ್ನು ಮೂರನೇ ಸಲ ನೋಡಿದಳು. ಬರೀ ಉಗುರುಬಣ್ಣ, ಅಂಗಡಿ, ಹುಡುಗ. ಇದರಿಂದ ಏನು ಕಲಿಯುತ್ತಾರೆ?”

ಉತ್ತರ: ಉಗುರುಬಣ್ಣ ಜಾಸ್ತಿಯೇ ಇದೆ, ಒಪ್ಪಿದೆ. ಆದರೆ ಅಮ್ಮಾ, ನೀವು ಕೊನೆಯವರೆಗೆ ಕೂತಿಲ್ಲ ಅಂತ ಕಾಣುತ್ತದೆ.

ಡೆನ್ಮಾರ್ಕಿನ ಕತೆಗಾರ ಆಂಡರ್ಸನ್ 1837ರಲ್ಲಿ ಬರೆದ ಮತ್ಸ್ಯಕನ್ಯೆ ರಾಜಕುಮಾರನಿಗಾಗಿ ನಾಲಿಗೆಯನ್ನೇ ಕಳಕೊಂಡಳು. 2006ರ ಈ ಸಿನಿಮಾದವಳು ಬಾಯಿಬಡುಕಿ. ಪ್ರೀತಿ ಅನ್ನುವುದು ಇದೆ ಎಂದು ಅಪ್ಪನಿಗೆ ತೋರಿಸಿಕೊಡಲು ಅವಳಿಗೆ ಮೂರೇ ದಿನ. ಹುಡುಗ ಒಳ್ಳೆಯವನೇ, ಇಷ್ಟು ಬೇಗ ಪ್ರೀತಿ ಅಂದರೆ ಹೇಗೆ ಅನ್ನುತ್ತಾನೆ. (ಪ್ರಾಮಾಣಿಕ!) ಅವಳಿಗಾಗಿ ಕಡಲಿಗೆ ಹಾರುವವರು ಕ್ಲೇರ್, ಹೇಲಿ ಎಂಬ ಗೆಳತಿಯರು. ಕ್ಲೇರ್‌ಗೆ ನೀರೆಂದರೆ ನಡುಕ. ಅವಳ ಅಪ್ಪ, ಅಮ್ಮ ಇಬ್ಬರನ್ನೂ ನುಂಗಿದ್ದು ಅದೇ ಕಡಲು. ಆದರೂ ಹಾರುತ್ತಾಳೆ.

ನಮ್ಮ ಕತೆಗಳಲ್ಲಿ ಗೆಳತಿಗೆ ಏನು ಕೆಲಸ ಹೇಳಿ? ಕಾಳಿದಾಸನ ಅನಸೂಯೆ, ಪ್ರಿಯಂವದೆ ಶಕುಂತಲೆಯನ್ನು ನಾಲ್ಕನೇ ಅಂಕದಲ್ಲಿ ಗಂಡನ ಮನೆಗೆ ಕಳಿಸಿದವರು ಮತ್ತೆ ರಂಗಕ್ಕೆ ಬರುವುದೇ ಇಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರು ನಾವು, ರಾತ್ರಿಯಿಡೀ ಆಟ ನೋಡಿದವರು. ಸಖಿಯ ಮುಂದಿನ ಗತಿ ಏನು ಅಂತ ಒಬ್ಬರಾದರೂ ಕೇಳಿದ್ದೇವಾ?

ಸಿನಿಮಾದಲ್ಲಿ ಹೇಲಿ ಅಮ್ಮನ ಕೆಲಸದಿಂದಾಗಿ ಆಸ್ಟ್ರೇಲಿಯಾಕ್ಕೆ ಹೋಗಬೇಕು. ನನ್ನ ತಂಗಿಯ ಗೆಳತಿಗೂ ಹಾಗೇ ಆಯಿತು, ಅಪ್ಪನಿಗೆ ವರ್ಗ. ಹೊರಡುವ ದಿನ ಕುಂಬಳೆ ಸ್ಟೇಷನ್ನಿನ ಬೆಂಚಿನ ಮೇಲೆ ಇಬ್ಬರೂ ಒಂದೊಂದು ಜುಮುಕಿ ಬದಲಾಯಿಸಿಕೊಂಡರು. ಒಂದು ಕಿವಿಗೆ ಕೆಂಪು ಹರಳು, ಇನ್ನೊಂದಕ್ಕೆ ಹಸಿರು. “ಜೋಡಿ ಹಾಳು ಮಾಡಿದೆಯಲ್ಲೇ” ಅಂತ ಅಮ್ಮ ವಾರವಿಡೀ ಬೈದರು. ನಾನೂ ನಕ್ಕಿದ್ದೆ. ತಂಗಿ ಮಾತ್ರ ಅದನ್ನು ಮದುವೆಯವರೆಗೂ ತೆಗೆಯಲಿಲ್ಲ.

ಇನ್ನು ಕಲಿಯುವ ಮಾತು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗಿನಿಂದ ಇಲ್ಲಿ ಕನ್ನಡ ಉಳಿಸಿ ಅಂತ ಭಾಷಣ ಮಾಡುತ್ತಲೇ ಇದ್ದೇವೆ. ಕನ್ನಡ ಶಾಲೆಗೆ ಕನ್ನಡ ಬಾರದ ಮೇಷ್ಟ್ರು ಬಂದರೆ ಧರಣಿ ಕೂರುತ್ತೇವೆ, ಕೂರಲೇಬೇಕು. ಆದರೆ ಹದಿನಾಲ್ಕರ ಹುಡುಗಿ ಹೊಟ್ಟೆ ಹಿಡಿದು ನಗುವಂಥ ಒಂದು ಕನ್ನಡ ಪುಸ್ತಕ ಅವಳ ಕೈಗೆ ಇಟ್ಟಿದ್ದೇವಾ? ಕೊಡುವುದೆಲ್ಲ ನೀತಿಕತೆ, ಭಾಷಣ ಸ್ಪರ್ಧೆ, ಪ್ರಬಂಧ. ನಗು ಬೇಕಾದರೆ ಇಂಗ್ಲಿಷಿಗೋ ಮಲಯಾಳಕ್ಕೋ ಹೋಗಬೇಕು. ನಮ್ಮ ಪತ್ರಿಕೆಯೇನು ಸಾಚಾ ಅಲ್ಲ, ಮಕ್ಕಳ ಪುಟ ಅಂತ ಇರುವುದು ಅರ್ಧ ಪುಟ, ಅದರಲ್ಲೂ ಕಾಲು ಭಾಗ ಪದಬಂಧ.

ಮುಂದಿನ ಸಂಚಿಕೆಗೆ ಆ ಪದಬಂಧ ತೆಗೆಸುತ್ತೇನೆ. ಈ ಸಿನಿಮಾ ಯಾಕಿಷ್ಟ ಅಂತ ನಿಮ್ಮ ಮಗಳು ಬರೆಯಲಿ. ಒಬ್ಬಳೇ ಬೇಡ, ಗೆಳತಿಯನ್ನೂ ಜೊತೆಗೆ ಕೂರಿಸಿಕೊಳ್ಳಲಿ. ನೀವು ಸುಮ್ನೆ ತಿದ್ದಲು ಹೋಗಬೇಡಿ.